ಕಾರಿಲ್ಲದ ದಾರಿ, ಸಣ್ಣ ಗುಡ್ಡಗಳ ಊರು: ಫ್ರಾನ್ಸ್‌ನಲ್ಲಿ ಸೈಕಲ್ ಪ್ರವಾಸಕ್ಕೆ ಎಲ್ಲಿಗೆ ಹೋಗೋಣ?

ಹೇಮಾವತಿ_ಐಂಡ್‌ಹೋವನ್

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದ್ದೇವೆ. ಇಲ್ಲಿ ಸೈಕಲ್ ದಾರಿಗೆ ಬರವಿಲ್ಲ. ಆದರೆ ಎಲ್ಲಿ ಹೋದರೂ ನೆಲ ಒಂದೇ ಸಮ. ಗುಡ್ಡ ನೋಡಬೇಕು ಅಂತ ಮನಸ್ಸು ಹಾತೊರೆಯುತ್ತಿದೆ.

ಮೇ ತಿಂಗಳ ರಜೆಯಲ್ಲಿ ಫ್ರಾನ್ಸ್‌ಗೆ ಹೋಗುವ ಯೋಚನೆ ಇದೆ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು. ದಿನಕ್ಕೆ 30 ಕಿ.ಮೀ. ಆರಾಮಾಗಿ ತುಳಿಯುತ್ತೇವೆ, 40 ಅಂದರೆ ಮಗಳಿಗೆ ಜಾಸ್ತಿ ಆಗುತ್ತದೆ. ಆಲ್ಪ್ಸ್ ಬೇಡ. ಸುತ್ತ ಗುಡ್ಡ, ಹೊಲ, ದನ, ಹಳೆಯ ಊರು ಕಾಣಬೇಕು. ಮಗಳ ಪಕ್ಕದಲ್ಲಿ ಲಾರಿ ಹೋಗಬಾರದು. ಇಂಥ ದಾರಿ ಇದೆಯಾ? ಹೋಗಿ ಬಂದವರು ತಿಳಿಸಿ.

ಲ್ವಾರ್_ಪ್ರೇಮಿ

ಎರಡನೇ ಯೋಚನೆಯೇ ಬೇಡ, ಲ್ವಾರ್ ನದಿ ದಂಡೆಗೆ ಹೋಗಿ. ನೆವೇರ್ ಹತ್ತಿರದ ಕ್ಯುಫಿಯಿಂದ ಸಮುದ್ರದವರೆಗೆ ಸುಮಾರು 900 ಕಿ.ಮೀ. ದಾರಿ, ಉದ್ದಕ್ಕೂ ಕೈಕಂಬ ಹಾಕಿದ್ದಾರೆ. ಶಾಂಬೋರ್, ವಿಲಾಂದ್ರಿ, ಎಷ್ಟು ಅರಮನೆ ಬೇಕು ನಿಮಗೆ! ಉಳಿಯುವ ಜಾಗಕ್ಕೂ ಕೊರತೆ ಇಲ್ಲ, ಸೈಕಲ್ ಬಾಡಿಗೆಗೂ ಕೊರತೆ ಇಲ್ಲ. ಮಕ್ಕಳಿದ್ದರೆ ಇದಕ್ಕಿಂತ ಸುಲಭದ ದಾರಿ ಫ್ರಾನ್ಸ್‌ನಲ್ಲಿ ಸಿಗುವುದಿಲ್ಲ.

ಸೋನ್_ದಂಡೆಯವಳು

ಲ್ವಾರ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೇಳುತ್ತಿರುವುದು ಗುಡ್ಡ, ಅಲ್ವಾ? ಲ್ವಾರ್ ದಂಡೆಯೂ ಮಟ್ಟಸವೇ. ಜೊತೆಗೆ ಆ ದಾರಿಯ ಒಂದಷ್ಟು ಭಾಗ ಕಾರು ಓಡಾಡುವ ಸಣ್ಣ ರಸ್ತೆಯ ಮೇಲೇ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಜನವೂ ಜಾಸ್ತಿ.

ಹೇಮಾವತಿಯವರೇ, ನೀವು ಕೇಳುತ್ತಿರುವ ಎರಡು ವಿಷಯ ಸಾಮಾನ್ಯವಾಗಿ ಒಟ್ಟಿಗೆ ಸಿಗುವುದಿಲ್ಲ. ಇಲ್ಲಿ ಕಾರೇ ಇಲ್ಲದ ದಾರಿ ಅಂದರೆ ಬಹುಪಾಲು ನದಿ ದಂಡೆ ಅಥವಾ ಕಾಲುವೆ ದಂಡೆ. ಅಲ್ಲಿ ಗುಡ್ಡ ಇರುವುದಿಲ್ಲ. ಗುಡ್ಡ ಬೇಕು ಅಂದರೆ ಹಳ್ಳಿ ರಸ್ತೆ ಹಿಡಿಯಬೇಕು. ಅಲ್ಲಿ ಅಪರೂಪಕ್ಕಾದರೂ ಕಾರು ಬರುತ್ತದೆ, ಏರು ಬಂದಾಗ ಮಗಳು ಇಳಿದು ತಳ್ಳಬೇಕಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದು ಹಳಿ ಕಿತ್ತುಹಾಕಿದ ಹಳೆಯ ರೈಲು ದಾರಿಯಲ್ಲಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸ್‌ನ ಮೂಲೆ ಮೂಲೆಗೂ ರೈಲು ಬಂತು. 1879ರಲ್ಲಿ ಸಚಿವ ಫ್ರೆಸಿನೇ ತಂದ ಯೋಜನೆಯಿಂದಂತೂ ತೀರಾ ಸಣ್ಣ ಊರಿಗೂ ಸ್ಟೇಷನ್ ಆಯಿತು. ಉಗಿ ಎಂಜಿನ್‌ಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಎಂಜಿನಿಯರುಗಳು ದಿಣ್ಣೆ ಕಡಿದರು, ತಗ್ಗಿಗೆ ಮಣ್ಣು ತುಂಬಿದರು, ಅದೂ ಆಗದ ಕಡೆ ಸುರಂಗ ಕೊರೆದರು. ಮುಂದೆ ಬಸ್ಸು, ಲಾರಿ ಬಂದವು, ಈ ಸಣ್ಣ ಲೈನುಗಳು ಒಂದೊಂದಾಗಿ ಮುಚ್ಚಿದವು. ಈಗ ಅದೇ ದಾರಿಗೆ ಡಾಂಬರು ಹಾಕಿ ಸೈಕಲ್‌ಗೆ, ನಡೆಯುವವರಿಗೆ, ಸ್ಕೇಟಿಂಗ್ ಮಾಡುವವರಿಗೆ ಬಿಟ್ಟಿದ್ದಾರೆ. ಇದನ್ನು ವ್ವಾ ವೆರ್ತ್ ಅನ್ನುತ್ತಾರೆ. ಮೋಟಾರು ಗಾಡಿ ಬರುವ ಹಾಗಿಲ್ಲ, 2004ರಿಂದ ಇದು ಸಂಚಾರ ನಿಯಮದಲ್ಲೇ ಇದೆ. ಸುತ್ತ ಗುಡ್ಡ ಏಳುತ್ತಾ ಬೀಳುತ್ತಾ ಇರುತ್ತದೆ, ನಿಮ್ಮ ದಾರಿ ಮಾತ್ರ ಎಂಜಿನ್ ಹೋದ ಹಾಗೆ ನಿಧಾನಕ್ಕೆ ಹೋಗುತ್ತದೆ.

ನೀವು ಬರಬೇಕಾದದ್ದು ದಕ್ಷಿಣ ಬರ್ಗಂಡಿಗೆ. ಫ್ರಾನ್ಸ್‌ನ ಮೊದಲ ವ್ವಾ ವೆರ್ತ್ ಇರುವುದು ಇಲ್ಲೇ: ಜಿವ್ರಿಯಿಂದ ಕ್ಲುನಿಗೆ 44 ಕಿ.ಮೀ., 1997ರಲ್ಲಿ ತೆರೆದದ್ದು. ಆಮೇಲೆ ಅದನ್ನು ಎರಡೂ ಕಡೆ ಬೆಳೆಸಿದ್ದಾರೆ. ಈಗ ಉತ್ತರದಲ್ಲಿ ಶಾಲೋನ್, ದಕ್ಷಿಣದಲ್ಲಿ ಮಾಕೋನ್. ಒಟ್ಟು 80 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಎರಡೂ ಊರಿನಲ್ಲಿ ರೈಲ್ವೆ ಸ್ಟೇಷನ್ ಇದೆ.

ಶಾಲೋನ್ ಬಿಟ್ಟು ಜಿವ್ರಿ ದಾಟಿದರೆ ಎಡಕ್ಕೂ ಬಲಕ್ಕೂ ದ್ರಾಕ್ಷಿ ತೋಟ. ಬ್ಯುಸ್ಸಿ ಅಂತ ಒಂದು ಊರು ಬರುತ್ತದೆ, ಮೋಂತಾಞಿ ಅನ್ನುವ ಬಿಳಿ ವೈನ್ ಆಗುವುದು ಆ ಇಳಿಜಾರಿನ ತೋಟಗಳಲ್ಲಿ. ಅಲ್ಲಿಂದ ಮುಂದೆ ತೋಟ ಕಡಿಮೆಯಾಗಿ ಹುಲ್ಲುಗಾವಲು ಶುರುವಾಗುತ್ತದೆ. ಬೇಲಿಗಿಡಗಳ ಆಚೆ ಶಾರೊಲೇ ತಳಿಯ ದನ, ಒಂದೊಂದೂ ಕೆನೆ ಬಣ್ಣದ ದೊಡ್ಡ ಮೈಯವು. ಸ್ಯಾಂ ಜಾಂಗೂ ಹಳೆಯ ಊರು, ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡು ಅಡ್ಡಾಡಬೇಕು. ಆಮೇಲೆ ಕೊರ್ಮಾತ್ಯಾಂ, ಅಲ್ಲಿ ಹದಿನೇಳನೇ ಶತಮಾನದ ಅರಮನೆ ಇದೆ, ಸುತ್ತ ಕಂದಕ, ಒಳ್ಳೆಯ ತೋಟ. ಅಲ್ಲಿಂದ ಕ್ಲುನಿಗೆ 13 ಕಿ.ಮೀ.

ದಾರಿಯುದ್ದಕ್ಕೂ ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ. ಹಿಂದೆ ರೈಲ್ವೆ ಗೇಟು ಇದ್ದ ಕಡೆಯೆಲ್ಲ ಗೇಟ್‌ಮನ್ ಮನೆ ಇನ್ನೂ ನಿಂತಿವೆ. ಪುಟ್ಟ ಎರಡಂತಸ್ತು, ಎಲ್ಲವೂ ಒಂದೇ ಅಳತೆ, ಬಾಗಿಲು ದಾರಿಯ ಕಡೆಗೆ. ಈಗ ಯಾರೋ ವಾಸ ಇದ್ದಾರೆ, ಕಿಟಕಿಗೆ ನೀಲಿ ಬಣ್ಣ ಹೊಡೆದಿದ್ದಾರೆ, ಹಳಿ ಇದ್ದ ಅಂಚಿಗೆ ಗುಲಾಬಿ ನೆಟ್ಟಿದ್ದಾರೆ. ಎಷ್ಟು ಮನೆ ಸಿಕ್ಕಿತು ಅಂತ ಅವಳು ಎಣಿಸಲಿ. ಗೇಟಿದ್ದ ಜಾಗದಲ್ಲಿ ರಸ್ತೆ ಅಡ್ಡ ಬರುತ್ತದೆ ಅನ್ನುವುದೂ ಅವಳಿಗೆ ತಾನಾಗಿ ಗೊತ್ತಾಗುತ್ತದೆ. ಇಡೀ ದಾರಿಯಲ್ಲಿ ಹುಷಾರಾಗಿರಬೇಕಾದ್ದು ಅಲ್ಲಿ ಮಾತ್ರ. ಕಾರು ನಿಮಗಾಗಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಇಳಿದು, ಎರಡೂ ಕಡೆ ನೋಡಿ, ದಾಟಿ.

ಹೇಮಾವತಿ_ಐಂಡ್‌ಹೋವನ್

ಅಕ್ಕ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಹೆಂಡತಿ ಓದಿ ಆಗಲೇ ನಕ್ಷೆ ತೆಗೆದು ಕೂತಿದ್ದಾಳೆ. ಕ್ಲುನಿಯಿಂದ ಮಾಕೋನ್‌ಗೆ ಸುರಂಗ ಇದೆ ಅಂತ ಕಾಣುತ್ತದೆ. ಮಗುವಿಗೆ ಭಯ ಆಗುತ್ತದಾ? ಕಾರಿನಲ್ಲಿ ಬಂದರೆ ವಾಪಸ್ ಕಾರಿನ ಹತ್ತಿರ ಬರುವುದು ಹೇಗೆ?

ಸೋನ್_ದಂಡೆಯವಳು

ಸುರಂಗದ ಹೆಸರು ಬ್ವಾ ಕ್ಲೇರ್. ಉದ್ದ 1.6 ಕಿ.ಮೀ. ಒಳಗೆ ದೀಪ ಇದೆ, ದಾರಿ ನೇರ, ಭಯ ಬೇಡ. ಆದರೆ ಚಳಿ! ಬಿಸಿಲಲ್ಲಿ ತುಳಿದು ಬೆವರಿದ ಮೈ, ಸುರಂಗದ ಬಾಯಿಗೆ ಬರುವ ಮೊದಲೇ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹೊರಗೇ ನಿಂತು ಸ್ವೆಟರ್ ಹಾಕಿಕೊಳ್ಳಿ, ಸೈಕಲ್ ದೀಪ ಹಚ್ಚಿಕೊಳ್ಳಿ, ತಂಪು ಕನ್ನಡಕ ತೆಗೆಯಿರಿ. ಚಳಿಗಾಲದಲ್ಲಿ ಇದನ್ನು ಮುಚ್ಚುತ್ತಾರೆ, ಬಾವಲಿಗಳು ಅಲ್ಲಿ ಚಳಿಗಾಲದ ನಿದ್ದೆ ಮಾಡುತ್ತವೆ ಅಂತ. ಆಗ ಮೇಲಿನ ಕಣಿವೆ ದಾರಿ ಹತ್ತಿ ಇಳಿಯಬೇಕು. ನೀವು ಮೇ ತಿಂಗಳಲ್ಲಿ ಬರುವುದರಿಂದ ತೊಂದರೆ ಇಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಈ ಸುರಂಗದ ಆಸುಪಾಸಿನಲ್ಲಿ ಟಿಜಿವಿ ಅನ್ನುವ ಅತಿವೇಗದ ರೈಲಿನ ಹಳಿಯೂ ಇದೆ, ದೊಡ್ಡ ಹೆದ್ದಾರಿಯೂ ಇದೆ. ದಾರಿಗೆ ಕಾರು ಬರುವುದಿಲ್ಲ, ಸದ್ದು ಬರುತ್ತದೆ. ಇಡೀ ದಾರಿಯಲ್ಲಿ ನನಗೆ ಹಿಡಿಸದ ತುಣುಕು ಇದು. ಬೆರ್ಜೇ ಕೋಟೆ ದ್ರಾಕ್ಷಿ ತೋಟದ ಮೇಲೆ ಕಾಣಿಸಿಕೊಂಡ ಮೇಲೆ ಮನಸ್ಸು ಮತ್ತೆ ಸರಿಹೋಗುತ್ತದೆ.

ಕಾರಿನ ವಿಷಯ. ಶಾಲೋನ್‌ನಲ್ಲಿ ಕಾರು ಬಿಡಿ, ಮಾಕೋನ್‌ವರೆಗೆ ತುಳಿಯಿರಿ. ಅಲ್ಲಿಂದ ಟಿಇಆರ್ ಅನ್ನುವ ಪ್ರಾದೇಶಿಕ ರೈಲು ಹತ್ತಿದರೆ ಅರ್ಧ ಗಂಟೆ ಆಸುಪಾಸಿನಲ್ಲಿ ಶಾಲೋನ್. ಅಥವಾ ಇನ್ನೂ ಚೆಂದದ್ದು: ವಾಪಸ್ ಬರುವಾಗ ಸೋನ್ ನದಿ ದಂಡೆ ಹಿಡಿಯಿರಿ. ಲಕ್ಸೆಂಬರ್ಗ್ ಗಡಿಯಿಂದ ಲಿಯೋನ್‌ವರೆಗೆ ಹೋಗುವ ವ್ವಾ ಬ್ಲೂ ಅನ್ನುವ ಉದ್ದದ ಸೈಕಲ್ ದಾರಿ ಇಲ್ಲೇ ಹಾದುಹೋಗುತ್ತದೆ. ಮಾಕೋನ್‌ನಿಂದ ತುರ್ನು ಒಂದು ದಿನ, ತುರ್ನುವಿನಿಂದ ಶಾಲೋನ್ ಒಂದು ದಿನ, ಎರಡೂ 30ರಿಂದ 35 ಕಿ.ಮೀ. ಗುಡ್ಡದ ಕಡೆಯಿಂದ ಹೋಗಿ ನದಿ ಕಡೆಯಿಂದ ಬಂದ ಹಾಗಾಯಿತು. ಒಂದು ಸುತ್ತೂ ಪೂರ್ತಿ.

ಗ್ಯಾಸ್ಕನಿ_ಗೇರು

ಮೇಡಂ ಹೇಳಿದ್ದು ಸರಿಯೇ ಇದೆ. ಆದರೂ ನನ್ನದೊಂದು ತಕರಾರು. ವ್ವಾ ವೆರ್ತ್ ಮೇಲೆ ಮಾತ್ರ ಹೋದರೆ ಊರು ಪಕ್ಕದಲ್ಲಿ ಹಾದುಹೋಗುತ್ತದೆ, ಊರೊಳಗೆ ನೀವು ಹೋಗುವುದಿಲ್ಲ. ಕಾರೇ ಇರಬಾರದು ಅಂತ ಹಟ ಹಿಡಿದರೆ ಫ್ರಾನ್ಸ್‌ನ ಒಳ್ಳೆಯ ಅರ್ಧ ಕೈತಪ್ಪುತ್ತದೆ.

ನಾನು ತುಲೂಸ್‌ನಲ್ಲಿ ಇದ್ದೇನೆ. ಪಶ್ಚಿಮಕ್ಕೆ ಹೋದರೆ ಜೇರ್ಸ್ ಜಿಲ್ಲೆ. ದೊಡ್ಡ ಊರಿಲ್ಲ, ಜನ ಕಡಿಮೆ. ಹಳ್ಳಿ ರಸ್ತೆ ಹಿಡಿದರೆ ಗಂಟೆಗಟ್ಟಲೆ ಹೋದರೂ ಎದುರು ಬರುವುದು ಒಂದೋ ಎರಡೋ ಟ್ರ್ಯಾಕ್ಟರ್, ಅಂಚೆಯವರ ಹಳದಿ ವ್ಯಾನ್. ಆದರೆ ದಿಕ್ಕು ನೋಡಿ ಹೋಗಬೇಕು. ದಕ್ಷಿಣದ ಲಾನ್‌ಮೆಜಾಂ ಎತ್ತರದಿಂದ ಜೇರ್ಸ್, ಬಾಯೀಸ್, ಜಿಮೋನ್, ಸಾವ್ ಅಂತ ನದಿಗಳು ಅಂಗೈ ಬೆರಳು ಬಿಡಿಸಿದ ಹಾಗೆ ಉತ್ತರಕ್ಕೆ ಹರಡಿಕೊಂಡಿವೆ. ನಡುನಡುವೆ ಉದ್ದುದ್ದ ದಿಣ್ಣೆಗಳು. ಉತ್ತರ ದಕ್ಷಿಣ ಹೋದರೆ ಕಣಿವೆಯಲ್ಲೋ ದಿಣ್ಣೆ ಬೆನ್ನಿನ ಮೇಲೋ ಸುಮ್ನೆ ಸಾಗುತ್ತೀರಿ. ಪೂರ್ವ ಪಶ್ಚಿಮ ಹೋದರೆ ಹತ್ತು, ಇಳಿ, ಹತ್ತು, ಇಳಿ. ನಕ್ಷೆಯಲ್ಲಿ 40 ಕಿ.ಮೀ. ಅಂತ ಎರಡೂ ಒಂದೇ ಕಾಣುತ್ತವೆ. ಕಾಲಿಗೆ ಮಾತ್ರ ಒಂದೇ ಅಲ್ಲ.

ರಸ್ತೆ ಆರಿಸುವುದಕ್ಕೆ ಮಿಶೆಲಿನ್ ಕಾಗದದ ನಕ್ಷೆ ತೆಗೆದುಕೊಳ್ಳಿ. ಕೆಂಪು ರಸ್ತೆಗೆ ಹೋಗಲೇಬೇಡಿ. ಹಳದಿ ರಸ್ತೆ ಪರವಾಗಿಲ್ಲ, ಆದರೆ ಊರಿಂದ ಊರಿಗೆ ಹೋಗುವವರು ಅದನ್ನೇ ಹಿಡಿಯುತ್ತಾರೆ. ಬಿಳಿ ರಸ್ತೆ ನಿಮ್ಮದು. ರಸ್ತೆಯ ಮೇಲೆ ಸಣ್ಣ ಬಾಣದ ತುದಿ ಒಂದಿದ್ದರೆ ಏರು ನೂರಕ್ಕೆ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಜಾಸ್ತಿ. ಬಾಣದ ತುದಿ ತೋರಿಸುವುದು ಏರುವ ದಿಕ್ಕನ್ನು. ಪಕ್ಕದಲ್ಲಿ ಹಸಿರು ಗೆರೆ ಇದ್ದರೆ ನೋಟ ಚೆನ್ನಾಗಿದೆ ಅಂತ. ಫೋನಿನ ಆ್ಯಪ್ ದಾರಿ ತೋರಿಸುತ್ತದೆ. ಒಂದು ಸೀಮೆ ಹೇಗೆ ಮಡಿಚಿಕೊಂಡಿದೆ ಅನ್ನುವುದು ಗೊತ್ತಾಗುವುದು ಹರಡಿದ ನಕ್ಷೆಯಲ್ಲೇ.

ಹೇಮಾವತಿ_ಐಂಡ್‌ಹೋವನ್

ಸರ್, ನಿಮ್ಮ ಮಾತು ಒಪ್ಪುತ್ತೇನೆ. ನಾವಿಬ್ಬರೇ ಆಗಿದ್ದರೆ ಬಿಳಿ ರಸ್ತೆಗೇ ಬರುತ್ತಿದ್ದೆವು. ಮಗಳು ಇನ್ನೂ ಆಗಾಗ ಸೈಕಲ್ ಮೇಲೆ ಕೂತು ಆಕಾಶ ನೋಡುತ್ತಾಳೆ. ಎದುರು ಕಾರು ಬಂದರೆ ಅಂತ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಸೋನ್_ದಂಡೆಯವಳು

ಇಬ್ಬರ ಮಾತೂ ನಡೆಯುತ್ತದೆ. ವ್ವಾ ವೆರ್ತ್ ಬೆನ್ನೆಲುಬಾಗಿ ಇರಲಿ. ಅದರಿಂದ ಆಚೆ ಒಂದೆರಡು ಕಿ.ಮೀ. ಹೋಗಿ ಬನ್ನಿ, ಬೇಕಾದರೆ ನಡೆದೇ ಹೋಗಿ.

ಕೊರ್ಮಾತ್ಯಾಂ ಮತ್ತು ಕ್ಲುನಿ ನಡುವೆ ತೇಜೇ ಅಂತ ಹಳ್ಳಿ ಇದೆ, ದಾರಿಯಿಂದ ಸ್ವಲ್ಪ ಮೇಲೆ ದಿಣ್ಣೆಯ ಮೇಲೆ. 1940ರಲ್ಲಿ ಬ್ರದರ್ ರೋಜೇ ಅನ್ನುವ ಕ್ರೈಸ್ತ ಸನ್ಯಾಸಿ ಬಂದು ನೆಲೆಸಿದ ಊರು. ಈಗ ಪ್ರಪಂಚದ ಎಲ್ಲ ಕಡೆಯಿಂದ ಹುಡುಗ ಹುಡುಗಿಯರು ಬಂದು ವಾರಗಟ್ಟಲೆ ಇರುತ್ತಾರೆ, ದಿನಕ್ಕೆ ಮೂರು ಹೊತ್ತು ಪ್ರಾರ್ಥನೆಗೆ ಕೂತು ಹಾಡುತ್ತಾರೆ. ಯಾವ ಧರ್ಮದವರು ಅಂತ ಯಾರೂ ಕೇಳುವುದಿಲ್ಲ. ಹೊತ್ತು ನೋಡಿಕೊಂಡು ಹೋಗಿ ಕೇಳಿ.

ಕ್ಲುನಿಗೆ ಅರ್ಧ ದಿನವಾದರೂ ಇಡಿ. 910ರಲ್ಲಿ ಶುರುವಾದ ಮಠ. 1088ರಲ್ಲಿ ಕಟ್ಟಲು ಹಿಡಿದ ಅದರ ಮೂರನೇ ಚರ್ಚು ಸುಮಾರು 187 ಮೀಟರ್ ಉದ್ದ ಇತ್ತು. ರೋಮ್‌ನಲ್ಲಿ ಈಗಿನ ಸಂತ ಪೀಟರ್ ಚರ್ಚು ಏಳುವ ತನಕ ಕ್ರೈಸ್ತ ಜಗತ್ತಿನಲ್ಲೇ ಅದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿ ಆದ ಮೇಲೆ ಮಾರಿದರು, ಕೊಂಡವರು ಕಲ್ಲಿಗಾಗಿ ಒಡೆದರು. ಈಗ ಉಳಿದಿರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಒಂದು ಗೋಪುರ ನಿಂತಿದೆ. ಅದರ ಬುಡದಲ್ಲಿ ನಿಂತು ಕತ್ತು ಎತ್ತಿ, ಇಷ್ಟು ಬರಿಯ ಒಂದು ಕೈ ಅಂದರೆ ಪೂರ್ತಿ ಎಷ್ಟಿರಬೇಕು ಅಂತ ಯೋಚಿಸಿ. ಹಂಪಿ ನೋಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕಾಲಲ್ಲಿ ಇನ್ನೂ ಕಸುವಿದ್ದರೆ ಮಾಕೋನ್ ಹತ್ತಿರ ಸೊಲುತ್ರೇ ಬಂಡೆ. ಸೈಕಲ್ ಕೆಳಗೆ ಬೀಗ ಹಾಕಿ ನಡೆದು ಹತ್ತಿ.

ಮಲೆನಾಡಿನ_ಮೇಷ್ಟ್ರು

ಈ ಚರ್ಚೆ ಓದಿ ಖುಷಿಯಾಯಿತು. ನಾನು ಕೊಪ್ಪದವನು, ನಿವೃತ್ತ ಶಿಕ್ಷಕ. ಮಗ ದಿಜೋನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ನಿವೆರ್ನೇ ಕಾಲುವೆ ಉದ್ದಕ್ಕೂ ಸೈಕಲ್‌ನಲ್ಲಿ ಹೋಗಿಬಂದೆ. ವಯಸ್ಸಾದವರು, ಮಂಡಿ ನೋವಿನವರು ಇಲ್ಲಿ ಓದುತ್ತಿದ್ದರೆ ಅವರಿಗೆ ಅಂತ ಬರೆಯುತ್ತಿದ್ದೇನೆ.

ಓಸೆರ್‌ನಿಂದ ದೆಸೀಜ್ ಹತ್ತಿರದವರೆಗೆ ಕಾಲುವೆ ಉದ್ದ 174 ಕಿ.ಮೀ. ಅದನ್ನು ತೋಡಲು ಶುರು ಮಾಡಿದ್ದು ಪ್ಯಾರಿಸ್‌ನ ಒಲೆಗಳಿಗೆ ಸೌದೆ ಸಾಗಿಸಲು. ಮೊರ್ವಾಂ ಅನ್ನುವ ಕಾಡುಗುಡ್ಡಗಳಿಂದ ದಿಮ್ಮಿ ಕಡಿದು, ಹೊಳೆಗೆ ಉರುಳಿಸಿ, ಕ್ಲಾಮ್ಸಿ ಊರಿನಲ್ಲಿ ತೆಪ್ಪ ಕಟ್ಟಿ ಪ್ಯಾರಿಸ್‌ಗೆ ತೇಲಿಸುತ್ತಿದ್ದರು. ಮರ ಹೊಳೆಯಲ್ಲಿ ತೇಲಿಸುವುದು ನಮ್ಮ ಕಡೆಯವರಿಗೂ ಗೊತ್ತಿದ್ದ ಕೆಲಸ. ಕ್ಲಾಮ್ಸಿಯ ಸೇತುವೆ ಮೇಲೆ ತೆಪ್ಪದವನ ಪ್ರತಿಮೆ ಇದೆ, ಕೈಯಲ್ಲಿ ಉದ್ದದ ಗಳ. ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ.

ಕಾಲುವೆ ದಂಡೆ ಅಂದರೆ ಬೇಜಾರು ಅಂದುಕೊಳ್ಳಬೇಡಿ. ಈ ಕಾಲುವೆ ಗುಡ್ಡ ಹತ್ತಿ ಇಳಿಯುತ್ತದೆ. ಸಾರ್ದಿ ಅನ್ನುವ ಕಡೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್‌ಗಳು ಒಂದರ ಮೇಲೊಂದು 16, ಕೆಲವೇ ಕಿ.ಮೀ. ಒಳಗೆ. ಒಂದು ಕಡೆ ನಿಂತು ಪೂರ್ತಿ ನೋಡಿದೆ. ದೋಣಿ ಒಳಗೆ ಬಂತು, ಹಿಂದಿನ ಬಾಗಿಲು ಮುಚ್ಚಿದರು. ಲಾಕ್ ಕಾಯುವ ಹುಡುಗಿ ಕೈಯಿಂದ ಚಕ್ರ ತಿರುಗಿಸಿದಳು, ಮೇಲಿನ ನೀರು ಬುಸುಗುಡುತ್ತಾ ಒಳಗೆ ನುಗ್ಗಿತು. ದೋಣಿ ಗೋಡೆ ಉಜ್ಜಿಕೊಂಡು ಮೇಲೆ ಬಂತು. ನೀರು ಎರಡೂ ಕಡೆ ಸಮ ಆದ ಮೇಲೆ ಮುಂದಿನ ಬಾಗಿಲು ದೋಣಿಯವರೇ ತಳ್ಳಿದರು. ಆ ಹೊತ್ತಿಗೆ ನಾವು ಪಕ್ಕದ ಪುಟ್ಟ ಏರು ಹತ್ತಿ ಮುಂದಿನ ಲಾಕ್ ತಲುಪಬಹುದಿತ್ತು. ಸೈಕಲ್‌ಗೆ ಇರುವ ಏರು ಅಂದರೆ ಇದೇ, ಪ್ರತಿ ಲಾಕ್ ಪಕ್ಕ ನಾಲ್ಕು ತುಳಿತ. ಅಲ್ಲಿನ ಹಳೆಯ ಲಾಕ್ ಮನೆಗಳಲ್ಲಿ ಈಗ ಕುಂಬಾರಿಕೆ, ಚಿತ್ರ ಬರೆಯುವವರು ಇದ್ದಾರೆ.

ಒಂದು ಎಚ್ಚರಿಕೆ. ದಾರಿ ಎಲ್ಲ ಕಡೆ ಡಾಂಬರಲ್ಲ. ಕೆಲವು ಕಡೆ ಜಲ್ಲಿ, ಕೆಲವು ಕಡೆ ಹುಲ್ಲು. ತೆಳ್ಳಗಿನ ಟೈರ್ ಬೇಡ. ಇನ್ನೊಂದು, ಒಂದು ವಸತಿಯಲ್ಲಿ ನಮ್ಮ ಸೈಕಲ್‌ಗಳನ್ನು ಒಳಗೆ ಇಡಲು ಬಿಡಲಿಲ್ಲ, ಇಡೀ ರಾತ್ರಿ ಮಳೆಯಲ್ಲಿ ನೆನೆದವು. ಬೆಳಿಗ್ಗೆ ಚೈನು ಕಿರ್ ಕಿರ್.

ಗ್ಯಾಸ್ಕನಿ_ಗೇರು

ಮೇಷ್ಟ್ರೇ, ಅದಕ್ಕೇ ಅಕ್ಕೇಯ್ ವೇಲೊ, ಅಂದರೆ ಸೈಕಲ್‌ನವರಿಗೆ ಸ್ವಾಗತ, ಅನ್ನುವ ಫಲಕ ಇರುವ ಮನೆ, ಹೋಟೆಲ್, ಕ್ಯಾಂಪಿಂಗ್ ಹುಡುಕಬೇಕು. ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೆ ಇರುವ ಜಾಗಗಳಿಗೇ ಅದನ್ನು ಕೊಡುವುದು. ಸೈಕಲ್‌ಗೆ ಬೀಗ ಹಾಕುವ ಜಾಗ ಇರಲೇಬೇಕು, ಪಂಚರ್ ಸಾಮಾನು ಇರಬೇಕು. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ.

ನಿಮ್ಮ ಕಾಲುವೆ ಮಾತು ಕೇಳಿ ನಮ್ಮ ಗಾರೋನ್ ಕಾಲುವೆಯ ನೆನಪಾಯಿತು. ತುಲೂಸ್‌ನಿಂದ ಮ್ವಾಸಾಕ್ ಕಡೆಗೆ ಒಳ್ಳೆಯ ಡಾಂಬರು, ಎರಡೂ ಕಡೆ ಪ್ಲೇನ್ ಅನ್ನುವ ದೊಡ್ಡ ನೆರಳಿನ ಮರ. ಪೂರ್ವದ ಮಿದಿ ಕಾಲುವೆ ಹೆಸರುವಾಸಿ, 1681ರದ್ದು, ಆದರೆ ತುಲೂಸ್ ಬಿಟ್ಟು ಸ್ವಲ್ಪ ದೂರ ಆದ ಮೇಲೆ ದಾರಿ ಒರಟು, ಬೇರು ಎದ್ದಿವೆ. ಅಲ್ಲಿನ ಪ್ಲೇನ್ ಮರಗಳಿಗೆ 2006ರಿಂದ ಶಿಲೀಂಧ್ರ ರೋಗ ಬಡಿದು ಸಾವಿರಾರು ಮರ ಕಡಿದಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊಸ ಗಿಡ ನೆಡುತ್ತಿದ್ದಾರೆ, ನೆರಳಾಗಲು ವರ್ಷಗಳು ಬೇಕು.

ಮೈಸೂರು_ಪೆಡಲ್

ಇಲ್ಲಿಂದ ಬರುವವರಿಗೂ ಸ್ವಲ್ಪ ಹೇಳಿ. ಸೈಕಲ್ ವಿಮಾನದಲ್ಲಿ ತರುವುದಾ, ಅಲ್ಲೇ ಬಾಡಿಗೆಗೆ ಪಡೆಯುವುದಾ? ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿಯಲ್ಲಿ ಏನು ಸಿಗುತ್ತದೆ?

ಸೋನ್_ದಂಡೆಯವಳು

ವಾರ, ಹತ್ತು ದಿನಕ್ಕೆ ಬರುವುದಾದರೆ ಬಾಡಿಗೆಯೇ ಸರಿ. ಕ್ಲುನಿಯಲ್ಲಿ, ಶಾಲೋನ್ ಮಾಕೋನ್ ಕಡೆಯೂ ಬಾಡಿಗೆ ಸೈಕಲ್ ಸಿಗುತ್ತದೆ, ಬ್ಯಾಟರಿ ಸೈಕಲ್ ಕೂಡ. 25 ಕಿ.ಮೀ. ವೇಗದವರೆಗೆ ಮಾತ್ರ ತಳ್ಳುವ ಬ್ಯಾಟರಿ ಸೈಕಲ್‌ಗೆ ವ್ವಾ ವೆರ್ತ್ ಮೇಲೆ ಅಡ್ಡಿ ಇಲ್ಲ. ನಿಮ್ಮ ಸೀಟು ಮಾತ್ರ ತನ್ನಿ, ಅದು ಅಭ್ಯಾಸ ಆಗಿರುವುದೇ ಇರಬೇಕು. ಷೆಂಗೆನ್ ವೀಸಾಗೆ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಕಾಗದ ಕೇಳುತ್ತಾರೆ. ಸಿಕ್ಕಲ್ಲಿ ಟೆಂಟ್ ಹಾಕುತ್ತೇನೆ ಅಂದರೆ ಆಗುವುದಿಲ್ಲ, ದಿನಕ್ಕೆ ಒಂದು ಊರು ಅಂತ ಮೊದಲೇ ಬುಕ್ ಮಾಡಿ.

ಊಟದ ವಿಷಯ ನೇರವಾಗಿ ಹೇಳುತ್ತೇನೆ. ಹಳ್ಳಿ ಹೋಟೆಲ್ ನಂಬಿ ಹೊರಡಬೇಡಿ. ಸಲಾಡ್ ಅಂತ ತಂದಿಟ್ಟರೆ ಮೇಲೆ ಹಂದಿ ಮಾಂಸದ ಚೂರು ಇರುತ್ತದೆ. ತರಕಾರಿ ಸೂಪಿಗೂ ಮಾಂಸದ ರಸ ಹಾಕಿರಬಹುದು. ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಬಹಳ ಸಲ ಕರುವಿನ ಹೊಟ್ಟೆಯಿಂದ ತೆಗೆದದ್ದು, ಅದು ನಡೆಯುವುದಿಲ್ಲ ಅನ್ನುವವರು ಕೇಳಿಯೇ ಕೊಳ್ಳಿ. ಬೇಕರಿ ಬ್ರೆಡ್ಡು, ಸಂತೆಯ ಟೊಮೆಟೊ, ಸೌತೆಕಾಯಿ, ಮೊಸರು, ಬೆಣ್ಣೆ, ಜೇನು, ಹಣ್ಣು, ಇಷ್ಟು ಎಲ್ಲ ಕಡೆ ಸಿಗುತ್ತದೆ. ಬ್ಯಾಗೆಟ್‌ಗೆ ಬೆಣ್ಣೆ ಹಚ್ಚಿ ಮೇಲೆ ನಮ್ಮ ಚಟ್ನಿಪುಡಿ ಉದುರಿಸಿ, ಬೇರೆ ಏನೂ ಬೇಡ. ಅಡುಗೆ ಮನೆ ಇರುವ ವಸತಿ ಆರಿಸಿದರೆ ರಾತ್ರಿ ಅನ್ನ ಸಾರು ಆಗುತ್ತದೆ. ಅವಲಕ್ಕಿ ಒಂದು ಪೊಟ್ಟಣ ಇರಲಿ.

ಅಂಗಡಿ ಹೊತ್ತು ಗಮನಿಸಿ. ಮಧ್ಯಾಹ್ನ 12ರಿಂದ 2 ಮುಚ್ಚಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ, ಬಹಳ ಕಡೆ ಸೋಮವಾರವೂ ಬಾಗಿಲು ಹಾಕಿರುತ್ತಾರೆ. ಮೇ 1 ಮತ್ತು 8 ಸರ್ಕಾರಿ ರಜೆ. ಹೇಮಾವತಿಯವರೇ, ಇದು ನಿಮಗೂ ಸೇರಿ.

ಮಲೆನಾಡಿನ_ಮೇಷ್ಟ್ರು

ನೀರಿನ ವಿಷಯ ಯಾರೂ ಹೇಳಲಿಲ್ಲ. ಹಳ್ಳಿಯಲ್ಲಿ ಎಲ್ಲವೂ ಮುಚ್ಚಿದ್ದರೆ ಸ್ಮಶಾನಕ್ಕೆ ಹೋಗಿ. ಹೂವಿನ ಗಿಡಕ್ಕೆ ಹಾಕಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಸೈಕಲ್ ತುಳಿಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ. ಮೊದಲು ನನಗೆ ಮನಸ್ಸು ಒಪ್ಪಲಿಲ್ಲ. ಒಳಗೆ ಹೋಗಿ ನೋಡಿದರೆ ಎಷ್ಟು ಚೊಕ್ಕಟ, ಎಷ್ಟು ಹೂವು. ಕುಡಿಯುವ ನೀರಲ್ಲ ಅನ್ನುವುದಕ್ಕೆ ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಮುಟ್ಟಬೇಡಿ.

ಲ್ವಾರ್_ಪ್ರೇಮಿ

ಬರ್ಗಂಡಿ ಬಗ್ಗೆ ಓದುತ್ತಾ ನನಗೂ ಆಸೆ ಹುಟ್ಟಿದೆ. ಬೋನ್‌ನಿಂದ ಸಾಂತ್ನೇವರೆಗೆ ದ್ರಾಕ್ಷಿ ತೋಟದೊಳಗೇ ಹೋಗುವ ದಾರಿ ಇದೆಯಂತಲ್ಲ, ಅದೂ ಇದಕ್ಕೆ ಸೇರುತ್ತದಾ?

ಸೋನ್_ದಂಡೆಯವಳು

ಸೇರುತ್ತದೆ. ಸುಮಾರು 20 ಕಿ.ಮೀ. ಚಿಲ್ಲರೆ. ಪೊಮಾರ್, ವೊಲ್ನೇ, ಮರ್ಸೋ, ಪುಲಿಞಿ, ಎಲ್ಲ ವೈನ್ ಪಟ್ಟಿಯಲ್ಲಿ ಓದಿದ ಹೆಸರುಗಳೇ. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತೋಟಗಳು. ನೋಡಲೇಬೇಕಾದ ದಾರಿ. ಆದರೆ ಅದು ತೋಟದವರ ಕೆಲಸದ ದಾರಿಯೂ ಹೌದು. ಸಾಲಿನ ಮೇಲೆ ನಿಂತು ಸಾಗುವ ಎತ್ತರದ ಟ್ರ್ಯಾಕ್ಟರ್‌ಗಳು ಬರುತ್ತವೆ, ಅವರಿಗೆ ದಾರಿ ಬಿಡಬೇಕು. ಸಣ್ಣ ಏರುಗಳೂ ಇವೆ. ಹತ್ತು ವರ್ಷದ ಮಗುವಿಗೆ ಮೊದಲ ದಿನವೇ ಇದು ಬೇಡ. ಸಾಂತ್ನೇ ಹತ್ತಿರದ ಶಾಞಿಯಿಂದ ಸಾಂತ್ರ್ ಕಾಲುವೆ ದಂಡೆ ಹಿಡಿದು ಶಾಲೋನ್‌ಗೆ ಬರಬಹುದು, ಅಲ್ಲಿಂದ ಮುಂದಿನ ದಾರಿ ಮೇಲೆ ಹೇಳಿದ್ದೇ.

ಹೇಮಾವತಿ_ಐಂಡ್‌ಹೋವನ್

ತೀರ್ಮಾನ ಆಯಿತು. ಶಾಲೋನ್‌ನಲ್ಲಿ ಕಾರು ಬಿಟ್ಟು ಮೊದಲ ದಿನ ಸ್ಯಾಂ ಜಾಂಗೂ, ಎರಡನೇ ದಿನ ತೇಜೇ ನೋಡಿಕೊಂಡು ಕ್ಲುನಿ, ಮೂರನೇ ದಿನ ಕ್ಲುನಿಯಲ್ಲೇ ವಿಶ್ರಾಂತಿ, ಆಮೇಲೆ ಸುರಂಗ ದಾಟಿ ಮಾಕೋನ್. ಮಗಳಿಗೆ ಸುಸ್ತಾಗಿದ್ದರೆ ರೈಲು, ಇಲ್ಲದಿದ್ದರೆ ನದಿ ದಂಡೆ. ಮೇಷ್ಟ್ರೇ, ನಿಮ್ಮ ಕಾಲುವೆ ನಮ್ಮ ಅಪ್ಪ ಅಮ್ಮ ಬಂದಾಗ ಅಂತ ಬರೆದಿಟ್ಟುಕೊಂಡಿದ್ದೇವೆ. ಕೊನೆಯದಾಗಿ ಎರಡು ಪ್ರಶ್ನೆ. ರೈಲಿನಲ್ಲಿ ಮೂರು ಸೈಕಲ್ ಹಿಡಿಸುತ್ತದಾ? ಇಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲ, ಅಲ್ಲಿ ಕಡ್ಡಾಯವಾ?

ಸೋನ್_ದಂಡೆಯವಳು

ಮಗಳಿಗೆ ಕಡ್ಡಾಯ. 12 ವರ್ಷದೊಳಗಿನ ಮಕ್ಕಳು ಸ್ವಂತ ಸೈಕಲ್ ತುಳಿದರೂ, ಹಿಂದೆ ಕೂತರೂ ಹೆಲ್ಮೆಟ್ ಇರಲೇಬೇಕು, 2017ರ ಮಾರ್ಚ್‌ನಿಂದ ಈ ನಿಯಮ ಇದೆ. ನಿಮ್ಮಿಬ್ಬರಿಗೆ ಕಡ್ಡಾಯ ಅಲ್ಲ, ಆದರೂ ಹಾಕಿ. ಅವಳೊಬ್ಬಳೇ ಯಾಕೆ ಹಾಕಬೇಕು ಅಂತ ಕೇಳುತ್ತಾಳೆ.

ಟಿಇಆರ್‌ನಲ್ಲಿ ಸೈಕಲ್ ಚಿಹ್ನೆ ಇರುವ ಬಾಗಿಲಲ್ಲಿ ಹತ್ತಿ. ಕೊಕ್ಕೆಗೆ ಮುಂದಿನ ಚಕ್ರ ಸಿಕ್ಕಿಸಿ ನೇತುಹಾಕುವ ಹಾಗಿರುತ್ತದೆ, ಅದಕ್ಕೆ ಮೊದಲೇ ಚೀಲಗಳನ್ನು ಬಿಚ್ಚಿಟ್ಟುಕೊಳ್ಳಿ. ಜಾಗ ಕೆಲವೇ ಸೈಕಲ್‌ಗೆ ಇರುತ್ತದೆ. ರಜೆಯ ವಾರಾಂತ್ಯದಲ್ಲಿ, ಅದರಲ್ಲೂ ಭಾನುವಾರ ಸಂಜೆ, ಲಿಯೋನ್ ಕಡೆಯಿಂದ ಬರುವಾಗಲೇ ತುಂಬಿರುತ್ತದೆ. ವಾರದ ನಡುವೆ ಬೆಳಿಗ್ಗೆ ಹತ್ತರ ನಂತರದ ರೈಲು ಹಿಡಿಯಿರಿ, ಆಫೀಸಿಗೆ ಹೋಗುವವರು ಇಳಿದಿರುತ್ತಾರೆ. ಮಾಕೋನ್‌ನಲ್ಲಿ ಎರಡು ಸ್ಟೇಷನ್ ಇವೆ. ಟಿಜಿವಿ ನಿಲ್ಲುವ ಲೋಶೇ ಊರ ಹೊರಗೆ. ನೀವು ಹೋಗಬೇಕಾದ್ದು ಊರೊಳಗಿನ ಮಾಕೋನ್ ವೀಲ್‌ಗೆ.